ಹಿತ್ತಾಳೆ ಸೀಳಿದರೆ ಯುದ್ಧ ಕಾಣುತ್ತದೆಯೇ?

ಫ್ಯೂಜ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಮಳೆಗಾಲದಲ್ಲಿ ಪದೇ ಪದೇ ಹಾರಿಹೋಗುವ ಮನೆಯ ಫ್ಯೂಜು. ನಾನು ಹೇಳಹೊರಟಿರುವುದು ಆ ಬಡಪಾಯಿಯ ಬಗ್ಗೆ ಅಲ್ಲ. ಫಿರಂಗಿಯಿಂದ ಹಾರಿಸುವ ಷೆಲ್ಲಿನ ಮೂತಿಗೆ ತಿರುಪಿ ಕೂರಿಸುವ ಒಂದು ಸಾಮಾನಿದೆ. ಅದಕ್ಕೂ ಫ್ಯೂಜ್ ಅಂತಲೇ ಹೆಸರು. ಷೆಲ್ಲು ಯಾವಾಗ ಸಿಡಿಯಬೇಕು, ಯಾವಾಗ ಸಿಡಿಯಬಾರದು ಅಂತ ತೀರ್ಮಾನ ಮಾಡುವುದು ಇದೇ. ಬಹಳಷ್ಟು ಹಿತ್ತಾಳೆಯವು, ಅಂಗೈಯಲ್ಲಿ ಹಿಡಿಸುವಂಥವು. ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ಮನೆಯಲ್ಲಿ ಕಳಶದ ಪಕ್ಕ ಇಟ್ಟರೆ ಯಾರಿಗೂ ಅನುಮಾನ ಬರಲಿಕ್ಕಿಲ್ಲ!

ಇವನ್ನು ಕೂಡಿಡುವವರದ್ದೇ ಒಂದು ಪ್ರಪಂಚ ಇದೆ. ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣ ಕೂಡಿಟ್ಟ ಹಾಗೆ. ಅದರಲ್ಲೂ ಎರಡನೇ ಮಹಾಯುದ್ಧದ ಕಾಲದ ಜಪಾನೀ ಫ್ಯೂಜುಗಳಿಗೆ ಬೇರೆಯೇ ಅಭಿಮಾನಿ ಬಳಗ. ಅವರಲ್ಲಿ ಕೆಲವರು ಕೂಡಿಡುವುದಷ್ಟೇ ಅಲ್ಲ, ಅದನ್ನು ಉದ್ದುದ್ದಕ್ಕೆ ಸೀಳುತ್ತಾರೆ. ಕಾಲು ಭಾಗವನ್ನೋ ಅರ್ಧ ಭಾಗವನ್ನೋ ಮಿಲ್ಲಿಂಗ್ ಮಷೀನಿನಲ್ಲಿ ತೆಗೆದು, ಒಳಗಿನ ಸ್ಪ್ರಿಂಗು, ಸೂಜಿ, ಗುಂಡುಗಳೆಲ್ಲ ಕಾಣುವ ಹಾಗೆ ಮಾಡಿ, ಪಾಲಿಶ್ ಹೊಡೆದು, ಮರದ ಪೀಠದ ಮೇಲೆ ಕೂರಿಸಿ ಪ್ರದರ್ಶನಕ್ಕಿಡುತ್ತಾರೆ. ಡಿಪ್ಲೊಮಾ ಓದಿದವರಿಗೆ ಗೊತ್ತು, ಡ್ರಾಯಿಂಗ್ ಶೀಟಿನ ಮೇಲೆ ಗೆರೆ ಎಳೆದೆಳೆದು ಬೆವರಿಳಿಸಿದ ಆ ‘ಸೆಕ್ಷನಲ್ ವ್ಯೂ’ ಇಲ್ಲಿ ನಿಜವಾದ ಲೋಹದಲ್ಲೇ ಎದುರಿಗೆ ನಿಂತಿರುತ್ತದೆ.

ನೋಡಲು ಬಹಳ ಚೆನ್ನಾಗಿರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಹತ್ತಿರ ಒಂದೂ ಇಲ್ಲ. ಆದರೆ ಇವುಗಳ ಚಿತ್ರ, ನಕ್ಷೆ ನೋಡುತ್ತಾ ರಾತ್ರಿ ಎಷ್ಟು ಹೊತ್ತಾಯಿತು ಅಂತ ಗೊತ್ತಾಗದೆ ಕೂತವರಲ್ಲಿ ನಾನೂ ಒಬ್ಬ. ಹಾಗಾಗಿಯೇ ಈ ಜಗಳ ಕಾಯಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ. :-)

ನನ್ನ ವಾದ ಇಷ್ಟು. ಈ ಸಾಮಾನನ್ನು ಮನೆಯ ಷೆಡ್ಡಿನಲ್ಲಿ ಸೀಳುವ ಹವ್ಯಾಸ ನಿಲ್ಲಬೇಕು. ಮಣ್ಣಿನಿಂದ ಅಗೆದು ತಂದದ್ದನ್ನು ಕೊಳ್ಳುವುದಂತೂ ಇವತ್ತೇ ನಿಲ್ಲಬೇಕು. ಆದರೆ ಈಗಾಗಲೇ ಸೀಳಿಟ್ಟಿರುವುದು ಕಪಾಟಿನಲ್ಲಿ ಬಚ್ಚಿಟ್ಟುಕೊಳ್ಳುವ ವಸ್ತುವಲ್ಲ, ಹತ್ತು ಜನ ನೋಡಬೇಕು. ನೋಡುವಾಗ ಬರೀ ಸ್ಪ್ರಿಂಗು ನೋಡಿ ಬರಬಾರದು.

ಮೊದಲು ಆ ಸಾಮಾನಿನ ಒಳಗೆ ಅಂಥದ್ದೇನಿದೆ ನೋಡೋಣ.

ಫ್ಯೂಜಿನ ಕೆಲಸ ಎರಡು, ಮತ್ತು ಅವೆರಡೂ ಒಂದಕ್ಕೊಂದು ವಿರುದ್ಧ. ತಯಾರಾದ ಕಾರ್ಖಾನೆಯಿಂದ ಫಿರಂಗಿಯ ಬಾಯಿ ದಾಟುವ ತನಕ ಅದು ಎಷ್ಟು ಕುಲುಕಿದರೂ, ಕೈಜಾರಿ ಬಿದ್ದರೂ ಸುಮ್ಮನಿರಬೇಕು. ದಾಟಿದ ಮೇಲೆ ಗುರಿ ಮುಟ್ಟಿದ ಕ್ಷಣವೇ ಕೆಲಸ ಮಾಡಬೇಕು. ಇದು ಸಾಧ್ಯವಾಗುವುದು ಫಿರಂಗಿಯೊಳಗೆ ಮಾತ್ರ ಸಿಗುವ ಎರಡು ಬಲಗಳಿಂದ. ಒಂದು, ಹಾರಿಸಿದ ಕ್ಷಣದ ಒದೆತ. ಬಸ್ಸು ದಡಕ್ಕನೆ ಹೊರಟಾಗ ನಾವು ಹಿಂದಕ್ಕೆ ವಾಲುತ್ತೇವಲ್ಲ, ಅದೇ. ಆದರೆ ಸಾವಿರಾರು ಪಟ್ಟು ಹೆಚ್ಚು. ಎರಡು, ಕೊಳವೆಯ ಒಳಗಿನ ಸುರುಳಿ ಗೀರುಗಳಿಂದ ಷೆಲ್ಲಿಗೆ ಬರುವ ತಿರುಗಾಟ. ತಿರುಗುವಾಗ ಒಳಗಿನ ತಡೆಗಳು ಹೊರಕ್ಕೆ ಸರಿಯುತ್ತವೆ, ದಾರಿ ತೆರೆದುಕೊಳ್ಳುತ್ತದೆ. ಹಳೆಯ ಎಚ್‌ಎಂಟಿ ಕೈಗಡಿಯಾರದ ಹಿಂಬದಿ ಬಿಚ್ಚಿ ನೋಡಿದವರಿಗೆ ಆಗುವ ಬೆರಗೇ ಇಲ್ಲೂ ಆಗುತ್ತದೆ. ಆದರೆ ಗಡಿಯಾರ ವರ್ಷಗಟ್ಟಲೆ ನಡೆಯಲಿ ಅಂತ ಮಾಡಿದ್ದು. ಇದು ಒಂದೇ ಒಂದು ಸಲ ನಡೆಯಲಿ ಅಂತ ಮಾಡಿದ್ದು.

ಜಪಾನೀ ಭಾಷೆಯಲ್ಲಿ ಇದಕ್ಕೆ ‘ಶಿಂಕನ್’ ಅನ್ನುತ್ತಾರೆ. ಎರಡನೇ ಅಕ್ಷರಕ್ಕೆ ಕೊಳವೆ ಅಂತ ಅರ್ಥ. ಮೊದಲನೆಯದಕ್ಕೆ ನಂಬಿಕೆ ಅನ್ನುವ ಅರ್ಥವೂ ಇದೆ. ನಂಬಿಕೆಯ ಕೊಳವೆ! ಫಿರಂಗಿಯ ಪಕ್ಕದಲ್ಲಿ ನಿಂತ ಸೈನಿಕ ಇದನ್ನು ನಂಬಲೇಬೇಕಿತ್ತು, ಬೇರೆ ದಾರಿ ಇರಲಿಲ್ಲ.

ಹೆಸರಿನ ಮುಂದೆ ಬರುವ ಸಂಖ್ಯೆಗಳಿಗೂ ಒಂದು ಕತೆಯಿದೆ. ‘88ನೇ ಮಾದರಿ’ ಅಂದರೆ 1888 ಅಲ್ಲ. ಜಪಾನಿನ ಮೊದಲ ದೊರೆ ಜಿಮ್ಮು ಕ್ರಿ.ಪೂ. 660ರಲ್ಲಿ ಪಟ್ಟವೇರಿದ ಅನ್ನುವ ಪುರಾಣದ ಲೆಕ್ಕ ಹಿಡಿದು ವರ್ಷ ಎಣಿಸುತ್ತಿದ್ದರು. ಅದರ ಪ್ರಕಾರ 2588, ನಮ್ಮ ಲೆಕ್ಕದಲ್ಲಿ 1928. ಹೆಸರುವಾಸಿಯಾದ ‘ಝೀರೋ’ ಯುದ್ಧವಿಮಾನದ ಸೊನ್ನೆ ಕೂಡ ಇದೇ ಲೆಕ್ಕದ 2600, ಅಂದರೆ 1940. ತಯಾರಾದ ತಾರೀಖಿಗೆ ಮಾತ್ರ ಷೋವಾ ವರ್ಷ. ಷೋವಾ 18 ಅಂದರೆ 1943. ಒಂದೇ ಸಾಮಾನಿಗೆ ಎರಡು ಪಂಚಾಂಗ! ಇದನ್ನೆಲ್ಲ ಬಿಡಿಸುವುದರಲ್ಲಿ ನಿಜವಾದ ಸುಖ ಇದೆ, ವಿದ್ಯೆಯೂ ಇದೆ. ಕೂಡಿಡುವವರನ್ನು ಹುಚ್ಚರು ಅಂತ ಹೀಯಾಳಿಸುವವರ ಪೈಕಿ ನಾನಲ್ಲ.

ಈಗ ತಕರಾರಿಗೆ ಬರುತ್ತೇನೆ.

ಅವರ ಮೊದಲ ಮಾತು ಯಾವಾಗಲೂ ಒಂದೇ. “ಇದು ಇನರ್ಟ್. ಒಳಗೆ ಏನೂ ಇಲ್ಲ. ಬರೀ ಹಿತ್ತಾಳೆ.” ಸರಿ ಸ್ವಾಮಿ, ಹಾಗಂತ ಹೇಳಿದವರು ಯಾರು? ಮಾರಿದವನು. ಅವನಿಗೆ ಹೇಳಿದವರು ಯಾರು? ಅವನಿಗೆ ಮಾರಿದವನು. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಒಬ್ಬ ಸೈನಿಕನ ಟ್ರಂಕು ಅಥವಾ ಒಂದು ದ್ವೀಪದ ಮಣ್ಣು. ತರಬೇತಿಗಾಗಿಯೇ ಖಾಲಿಯಾಗಿ ಮಾಡಿದ್ದು, ಸೇನೆಯವರೇ ಖಾಲಿ ಮಾಡಿ ದಾಖಲೆ ಬರೆದದ್ದು ಇಲ್ಲ ಅಂತಲ್ಲ. ಆದರೆ ಮಾರಾಟಕ್ಕಿರುವ ಸಾಮಾನಿನ ಜೊತೆ ಅಂಥ ಕಾಗದ ಎಷ್ಟಕ್ಕೆ ಇರುತ್ತದೆ?

ಇನ್ನು ಮಣ್ಣಿನಿಂದ ಬಂದದ್ದರ ಕತೆ ಇನ್ನೂ ಕೆಟ್ಟದ್ದು. ಹಾರಿಸಿಯೂ ಸಿಡಿಯದೆ ಬಿದ್ದ ಷೆಲ್ಲಿನ ಫ್ಯೂಜನ್ನು ಯೋಚಿಸಿ. ಒದೆತ ಸಿಕ್ಕಾಗಿದೆ, ತಿರುಗಾಟ ಆಗಿದೆ, ತಡೆಗಳೆಲ್ಲ ಸರಿದಾಗಿದೆ. ಕೊನೆಯ ಒಂದು ಹೆಜ್ಜೆ ಮಾತ್ರ ಯಾಕೋ ನಿಂತುಹೋಗಿದೆ. ಎಂಬತ್ತು ವರ್ಷದಿಂದ ಅದು ಆ ಒಂದು ಹೆಜ್ಜೆಗಾಗಿ ಕಾದು ಕೂತಿದೆ. ತುಕ್ಕು ಹಿಡಿದರೆ ಮದ್ದು ಸಾಯುತ್ತದೆ ಅನ್ನುವುದು ನಮ್ಮ ಕಲ್ಪನೆ. ಜಪಾನೀಯರು ಬಹಳವಾಗಿ ಬಳಸುತ್ತಿದ್ದ ಪಿಕ್ರಿಕ್ ಆಮ್ಲ ಕೆಲವು ಲೋಹಗಳ ಜೊತೆ ಸೇರಿ ಮೊದಲಿಗಿಂತ ಸೂಕ್ಷ್ಮವಾದ ಲವಣಗಳಾಗುತ್ತದೆ. ಅದು ಗೊತ್ತಿದ್ದೇ ಅವರು ಷೆಲ್ಲಿನ ಒಳಮೈಗೆ ಅರಗಿನಂಥ ಮೆರುಗೆಣ್ಣೆ ಬಳಿಯುತ್ತಿದ್ದರು. ವಯಸ್ಸಾದಂತೆ ಮೆತ್ತಗಾಗಲು ಅದೇನು ಮನುಷ್ಯನೇ?

ಎರಡನೇ ಮಾತು, “ನಮಗೆ ಅನುಭವ ಇದೆ, ನಾವು ಬಲ್ಲವರು.” ಬಲ್ಲವರ ಕತೆಯನ್ನೇ ಹೇಳುತ್ತೇನೆ ಕೇಳಿ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಹವ್ಯಾಸಿ ತನ್ನ ಮನೆಯ ಅಂಗಳದಲ್ಲೇ ಷೆಲ್ಲೊಂದನ್ನು ಶುಚಿಮಾಡುವಾಗ ಸತ್ತುಹೋದ. ಅದು 1861-65ರ ಅಂತರ್ಯುದ್ಧದ ಕಾಲದ್ದು, ಅಂದರೆ ಸುಮಾರು ಒಂದೂವರೆ ಶತಮಾನ ಹಳೆಯದು. ಆತ ಹೊಸಬನಲ್ಲ, ಅಂಥ ನೂರಾರು ಷೆಲ್ಲುಗಳನ್ನು ಮುಟ್ಟಿದ ಕೈ ಅದು. 2020ರ ಸೆಪ್ಟೆಂಬರಿನಲ್ಲಿ ಸಾಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದಲ್ಲಿ ಸ್ಫೋಟವಾಗಿ ಇಬ್ಬರು ಸತ್ತರು. ಅವರು ನಾರ್ವೇಜಿಯನ್ ಪೀಪಲ್ಸ್ ಏಡ್ ಸಂಸ್ಥೆಯವರು. ಯುದ್ಧಕಾಲದ ಸಿಡಿಯದ ಮದ್ದುಗುಂಡು ಎಲ್ಲೆಲ್ಲಿದೆ ಅಂತ ಗುರುತಿಸುವುದೇ ಅವರ ಉದ್ಯೋಗವಾಗಿತ್ತು. ಉದ್ಯೋಗವೇ ಅದಾಗಿದ್ದವರ ಗತಿ ಹೀಗಾದರೆ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಷೆಡ್ಡಿಗೆ ಹೋಗುವವನ ‘ಅನುಭವ’ಕ್ಕೆ ಎಷ್ಟು ಬೆಲೆ ಕೊಡೋಣ?

ಜಪಾನೀ ಕುಶಲತೆಯ ಮೇಲೆ ಭಾರ ಹಾಕುವವರಿಗೂ ಒಂದು ಹಳೆಯ ಕತೆ. 1905ರ ತ್ಸುಷಿಮಾ ನೌಕಾಯುದ್ಧದಲ್ಲಿ ‘ನಿಷಿನ್’ ಎಂಬ ಜಪಾನೀ ಹಡಗಿನ ಮೇಲಿದ್ದ ಒಬ್ಬ ಎಳೆಯ ಅಧಿಕಾರಿ ಎಡಗೈಯ ಎರಡು ಬೆರಳು ಕಳೆದುಕೊಂಡ. ಮುಂದೆ ಪರ್ಲ್ ಹಾರ್ಬರ್ ದಾಳಿಯ ಯೋಜನೆ ಮಾಡಿದ ಇಸೊರೊಕು ಯಾಮಾಮೊಟೊ ಅವನೇ. ರಷ್ಯಾದ ಷೆಲ್ಲು ಬಡಿಯಿತು ಅಂತ ಆಗ ಹೇಳಿದರು. ಹಡಗಿನ ಫಿರಂಗಿಯೇ ಷೆಲ್ಲು ಹೊರಬೀಳುವ ಮೊದಲೇ ಸಿಡಿದದ್ದು ಕಾರಣ ಅಂತ ಹೇಳುವ ಇತಿಹಾಸಕಾರರಿದ್ದಾರೆ. ಆ ಯುದ್ಧದಲ್ಲಿ ಜಪಾನೀ ಫಿರಂಗಿಗಳು ಹೀಗೆ ಒಡೆದದ್ದಂತೂ ನಿಜ. ಆಗಿನ ಷಿಮೋಸೆ ಮದ್ದು ಮತ್ತು ಇಜುಯಿನ್ ಫ್ಯೂಜು ಎರಡೂ ಬಹಳ ಮುಂಗೋಪಿಗಳು. ಹೊಸದಾಗಿ, ಎಣ್ಣೆ ಹಚ್ಚಿ, ಕಾರ್ಖಾನೆಯಿಂದ ಬಂದಾಗಲೇ ತನ್ನವರ ಬೆರಳು ತೆಗೆದ ವಂಶ ಅದು.

ಮೂರನೇ ಮಾತು ನನಗೆ ಹೆಚ್ಚು ಸಿಟ್ಟು ಬರಿಸುವಂಥದ್ದು. “ಸತ್ತರೆ ನಾನು ಸಾಯುತ್ತೇನೆ, ನನ್ನ ದುಡ್ಡು, ನನ್ನ ಹವ್ಯಾಸ. ನಿಮಗೇನು ಕಷ್ಟ?”

ಕಷ್ಟ ನನಗಲ್ಲ. ಆ ಸಾಮಾನು ಎಲ್ಲಿಂದ ಬರುತ್ತದೋ ಆ ಊರಿನವರಿಗೆ. ಗ್ವಾಡಲ್‌ಕನಾಲ್, ಪೆಲೆಲಿಯು, ಪಪುವಾ ನ್ಯೂ ಗಿನಿ, ಬರ್ಮಾ. ತಮ್ಮದಲ್ಲದ ಯುದ್ಧವನ್ನು ತಮ್ಮ ತೋಟದಲ್ಲಿ ನಡೆಸಿಕೊಟ್ಟವರು ಅವರು. 2021ರ ಮೇ ತಿಂಗಳಲ್ಲಿ ಅದೇ ಹೊನಿಯಾರಾದಲ್ಲಿ ಒಂದಷ್ಟು ಜನ ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಒಲೆಯ ಕೆಳಗಿನ ಮಣ್ಣಿನಲ್ಲಿ ಷೆಲ್ಲು ಇತ್ತು. ಇಬ್ಬರು ಸತ್ತರು. ಅದು ಅಮೆರಿಕದ ಷೆಲ್ಲು. ಸಾಯುವವರಿಗೆ ಯಾವ ದೇಶದ್ದಾದರೇನು? ಚುಕ್ ದ್ವೀಪಗಳಲ್ಲಿ, ಮುಳುಗಿದ ಜಪಾನೀ ಹಡಗುಗಳ ಮದ್ದುಗುಂಡು ಬಿಚ್ಚಿ, ಒಳಗಿನ ಮದ್ದಿನಿಂದ ಮೀನು ಹೊಡೆಯುವ ಚಾಳಿಯೇ ಬೆಳೆದಿತ್ತು. ಅದರಲ್ಲಿ ಕೈಕಾಲು, ಜೀವ ಕಳೆದುಕೊಂಡವರಿದ್ದಾರೆ. ಇಂಥ ಕಡೆಗಳಲ್ಲಿ ದೂರದೇಶದ ಒಬ್ಬ ‘ಹಿತ್ತಾಳೆ ತುಂಡಿಗೆ ಇಷ್ಟು ಡಾಲರು’ ಅಂದರೆ ಗುದ್ದಲಿ ಹಿಡಿಯುವುದು ಯಾರು? ಡಾಲರು ಇದ್ದವನಂತೂ ಅಲ್ಲ. ಸಾಲೊಮನ್ ದ್ವೀಪಗಳು 1980ರಲ್ಲೇ ಯುದ್ಧದ ಅವಶೇಷಗಳನ್ನು ಕಾಪಾಡಲು ಕಾನೂನು ಮಾಡಿವೆ. ಅದು ಸುಮ್ಮನೆ ಮಾಡಿದ್ದಲ್ಲ.

ಜಪಾನೂ ಇದರಿಂದ ತಪ್ಪಿಸಿಕೊಂಡಿಲ್ಲ. ಒಕಿನಾವಾದಲ್ಲಿ 1974ರ ಮಾರ್ಚಿನಲ್ಲಿ, ನಾಹಾ ಊರಿನ ಒಂದು ಶಿಶುವಿಹಾರದ ಪಕ್ಕದ ಕಾಮಗಾರಿಯಲ್ಲಿ ಹೂತುಹೋಗಿದ್ದ ಯುದ್ಧಕಾಲದ ಸ್ಫೋಟಕ ಸಿಡಿದು, ಒಂದು ಮಗುವೂ ಸೇರಿ 4 ಜನ ಸತ್ತರು, 34 ಜನ ಗಾಯಗೊಂಡರು. ಆ ದ್ವೀಪದ ನೆಲದಲ್ಲಿ ಇನ್ನೂ ಸುಮಾರು 1,900 ಟನ್ ಸಿಡಿಯದ ಸಾಮಾನು ಉಳಿದಿದೆ ಅಂತ ಅಂದಾಜು. 2024ರ ಅಕ್ಟೋಬರಿನಲ್ಲಿ ಮಿಯಾಝಾಕಿ ವಿಮಾನ ನಿಲ್ದಾಣದ ಟ್ಯಾಕ್ಸಿವೇ ಪಕ್ಕದಲ್ಲಿ ಯುದ್ಧಕಾಲದ ಅಮೆರಿಕನ್ ಬಾಂಬೊಂದು ತಾನಾಗಿಯೇ ಸಿಡಿದು ಗುಂಡಿ ಬಿತ್ತು. 2025ರ ಜೂನಿನಲ್ಲಿ ಒಕಿನಾವಾದ ಕಡೇನಾ ವಾಯುನೆಲೆಯ ಉಗ್ರಾಣದ ಹತ್ತಿರ ಸ್ಫೋಟವಾಗಿ ಜಪಾನಿನ ನಾಲ್ವರು ಸೈನಿಕರಿಗೆ ಗಾಯವಾಯಿತು. ಇಷ್ಟಾದ ಮೇಲೂ ‘ವಿಂಟೇಜ್’ ಅಂತ ಮುದ್ದಾಗಿ ಕರೆಯುವವರನ್ನು ಏನನ್ನಬೇಕು? ವಿಂಟೇಜ್ ಅನ್ನುವುದು ಮುಗಿದುಹೋದದ್ದಕ್ಕೆ. ಇದು ಮುಗಿದಿಲ್ಲ.

ಈಗ ಇನ್ನೊಂದು ಗುಂಪಿಗೂ ಎರಡು ಮಾತು. ಸೀಳುವುದೇ ಮಹಾಪಾಪ, ಚಾರಿತ್ರಿಕ ವಸ್ತುವಿನ ಕೊಲೆ, ಇಡಿಯಾಗಿಯೇ ಇಡಬೇಕು ಅನ್ನುವವರು ಇವರು. ಅಪರೂಪದ ಮಾದರಿಯನ್ನು ಸೀಳಬಾರದು ಅನ್ನುವುದು ಒಪ್ಪುವ ಮಾತೇ. ಆದರೆ ಇಡಿಯಾಗಿರುವ ಫ್ಯೂಜು ಹಸಿ ಸುಳ್ಳು ಹೇಳುತ್ತದೆ ಅಂತ ನನಗನ್ನಿಸುತ್ತದೆ. ಹೊರಗಿನಿಂದ ಅದೊಂದು ಅಂದವಾದ ಬುಗುರಿ. ಮಕ್ಕಳು ಆಡಲು ಎತ್ತಿಕೊಳ್ಳುವಷ್ಟು ಅಂದ. ಸೀಳಿದಾಗ ಮಾತ್ರ ಸೂಜಿ ಯಾರ ಕಡೆ ಮೂತಿ ಮಾಡಿ ಕೂತಿದೆ ಅಂತ ಕಾಣುತ್ತದೆ. ಇನ್ನೊಂದು ಉಪಯೋಗವೂ ಇದೆ. ಸೀಳಿಟ್ಟ ಫ್ಯೂಜು ನಿರಪಾಯ ಅನ್ನುವುದಕ್ಕೆ ಅದೇ ಪುರಾವೆ. ಇಡಿಯಾಗಿರುವುದು ಹಾಗಲ್ಲ. ಕೂಡಿಟ್ಟವನು ತೀರಿಕೊಂಡ ಮೇಲೆ ಮಕ್ಕಳು ಕಪಾಟು ತೆಗೆದು, ಇದೇನೆಂದು ತಿಳಿಯದೆ ಪೊಲೀಸರನ್ನು ಕರೆದು, ಬೀದಿಯನ್ನೆಲ್ಲ ಖಾಲಿ ಮಾಡಿಸಬೇಕಾಗುತ್ತದೆ.

“ನೋಡಿ, ನೀವೇ ಒಪ್ಪಿದಿರಿ, ಹಾಗಾದರೆ ಸೀಳೋಣ” ಅಂತ ಯಾರೂ ಹ್ಯಾಕ್ಸಾ ಹುಡುಕಬೇಡಿ! ಸೀಳುವ ಕೆಲಸ ಆಗಲೇ ಬೇಕಾದಷ್ಟು ಆಗಿದೆ. ಯುದ್ಧ ಮುಗಿದ ಮೇಲೆ ಅಮೆರಿಕದವರು ವಶಪಡಿಸಿಕೊಂಡ ಜಪಾನೀ ಮದ್ದುಗುಂಡುಗಳನ್ನೆಲ್ಲ ಪರಿಶೀಲಿಸಿ ಕೈಪಿಡಿಗಳನ್ನೇ ಮಾಡಿಟ್ಟರು. ಅವರ ನೌಕಾಪಡೆಯದ್ದು 1946ರಲ್ಲಿ ಬಂತು, ಸೇನೆಯದ್ದು 1953ರಲ್ಲಿ. ಪುಟಪುಟಕ್ಕೂ ಸೀಳುನೋಟದ ಚಿತ್ರ, ಅಳತೆ, ವಿವರ. ಇವತ್ತು ಎಕ್ಸ್‌ರೇ ಸ್ಕ್ಯಾನ್ ಇದೆ, ಮುಟ್ಟದೆಯೇ ಒಳಗೆ ನೋಡಬಹುದು. ಪ್ಲಾಸ್ಟಿಕ್ಕಿನ 3ಡಿ ಪ್ರಿಂಟ್ ಇದೆ. ಮೂರು ಪಟ್ಟು ದೊಡ್ಡದಾದ, ಬಿಡಿಸಿ ಜೋಡಿಸಬಹುದಾದ ಮಾದರಿಯನ್ನು ಮ್ಯೂಸಿಯಮ್ಮುಗಳು ಮಾಡಿಸಿಟ್ಟರೆ, ಶಾಲೆಯ ಮಕ್ಕಳ ಕೈಗೂ ಕೊಡಬಹುದು. ನಿಜವಾದ ಹಿತ್ತಾಳೆಯನ್ನು ಸೀಳಲೇಬೇಕೆಂದರೆ ಅದಕ್ಕೆ ಸೇನೆಯ ಕಾರ್ಯಾಗಾರಗಳಿವೆ, ತರಬೇತಿಯಾದವರಿದ್ದಾರೆ. ‘ನನ್ನ ಕೈಯಾರೆ ಸೀಳಿದ್ದು’ ಅನ್ನುವ ಹೆಮ್ಮೆಯೊಂದನ್ನು ಬಿಟ್ಟರೆ ಷೆಡ್ಡಿನ ಕೆಲಸದಿಂದ ಜಗತ್ತಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ.

ಇನ್ನು ಆ ಪೀಠದ ಮೇಲಿನ ಚೀಟಿ. ಮಾದರಿ ಇಷ್ಟು, ವರ್ಷ ಇಷ್ಟು, ಲೋಹ ಹಿತ್ತಾಳೆ, ಇಂಥ ಫಿರಂಗಿಗೆ. ಮುಗಿಯಿತು. ಇದು ನನ್ನ ದೊಡ್ಡ ತಕರಾರು. ಒಳಗೆ ಕಾಣುವಂತೆ ಸೀಳಿದ್ದೀರಿ, ಆದರೆ ಕಾಣಬೇಕಾದದ್ದು ಇನ್ನೂ ಹೊರಗೇ ಉಳಿಯಿತಲ್ಲ?

ಆ ಲೋಹ ಎಲ್ಲಿಂದ ಬಂತು? 1941ರಲ್ಲಿ ಜಪಾನ್ ಸರ್ಕಾರ ಲೋಹ ಸಂಗ್ರಹದ ಆಜ್ಞೆ ಹೊರಡಿಸಿತು. ದೇವಾಲಯದ ಗಂಟೆಗಳು ಹೋದವು, ಮನೆಯ ಪಾತ್ರೆ ಪರಡಿ ಹೋದವು. ಸತ್ತ ಒಡೆಯನಿಗಾಗಿ ವರ್ಷಗಟ್ಟಲೆ ರೈಲುನಿಲ್ದಾಣದಲ್ಲಿ ಕಾದ ನಾಯಿ ಹಾಚಿಕೋ ಗೊತ್ತಲ್ಲ, ಟೋಕಿಯೋದ ಷಿಬುಯಾದಲ್ಲಿ 1934ರಲ್ಲಿ ನಿಲ್ಲಿಸಿದ್ದ ಅದರ ಕಂಚಿನ ಪ್ರತಿಮೆಯನ್ನೂ ಬಿಡಲಿಲ್ಲ. ಈಗ ಅಲ್ಲಿರುವುದು 1948ರಲ್ಲಿ ಮತ್ತೆ ಮಾಡಿಸಿದ್ದು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಕೈಗಳು ಯಾರವು? ಯುದ್ಧದ ಕೊನೆಕೊನೆಗೆ ಹೈಸ್ಕೂಲಿನ ವಯಸ್ಸಿನ ಹುಡುಗ ಹುಡುಗಿಯರನ್ನು ಪಾಠ ಬಿಡಿಸಿ ಅಲ್ಲಿಗೆ ಕಳಿಸಿದರು. 1945ರ ಆಗಸ್ಟ್ 7ರಂದು, ಹಿರೋಷಿಮಾದ ಮಾರನೆಯ ದಿನ, ತೊಯೊಕಾವಾದ ನೌಕಾಪಡೆಯ ಮದ್ದುಗುಂಡಿನ ಕಾರ್ಖಾನೆಯ ಮೇಲೆ ಬಿ-29 ವಿಮಾನಗಳು ಬಾಂಬು ಸುರಿದವು. 2,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಂದಿ ಇಂಥ ವಿದ್ಯಾರ್ಥಿಗಳು. ಯುದ್ಧ ನಿಲ್ಲಲು ಇನ್ನು ಎಂಟೇ ದಿನ ಉಳಿದಿತ್ತು.

ಆ ಫ್ಯೂಜು ಕೂತ ಷೆಲ್ಲು ಯಾರ ಮೇಲೆ ಬಿತ್ತು? ಇದಕ್ಕೆ ನಾವು ಬಹಳ ದೂರ ಹೋಗಬೇಕಿಲ್ಲ. 1944ರ ಮಾರ್ಚಿನಿಂದ ಜುಲೈ ತನಕ ಇಂಫಾಲ, ಕೊಹಿಮಾಗಳಲ್ಲಿ ಜಪಾನೀ ಫಿರಂಗಿಗಳು ಗುಂಡು ಹಾರಿಸಿದ್ದು ನಮ್ಮ ನೆಲದ ಮೇಲೆ, ನಮ್ಮ ಸೈನಿಕರ ಮೇಲೆ, ಮಣಿಪುರ ಮತ್ತು ನಾಗಾ ಹಳ್ಳಿಗಳ ಮೇಲೆ. ಬೆಂಗಳೂರಿನ ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನವರು ಬರ್ಮಾ ರಣರಂಗದಲ್ಲಿ ರಸ್ತೆ ಸೇತುವೆ ಕಟ್ಟಿದವರು. ಜಪಾನಿನ ಕಡೆಯಲ್ಲೂ ಹೆಣಗಳ ಲೆಕ್ಕ ಸುಮಾರು 30 ಸಾವಿರ, ಬಹುಪಾಲು ಹಸಿವು ಮತ್ತು ರೋಗದಿಂದ. ಇಂಫಾಲದ ಹತ್ತಿರ ಕೆಂಪು ಗುಡ್ಡದ ಬುಡದಲ್ಲಿ 2019ರಲ್ಲಿ ಒಂದು ಶಾಂತಿ ಮ್ಯೂಸಿಯಂ ತೆರೆಯಿತು, ಜಪಾನಿನ ನೆರವಿನಿಂದಲೇ. ಹೊಡೆದವರು, ಹೊಡೆಸಿಕೊಂಡವರು, ನಡುವೆ ಸಿಕ್ಕಿಕೊಂಡವರು ಮೂವರ ನೆನಪೂ ಒಂದೇ ಸೂರಿನಡಿ ಇರಬಹುದು ಅನ್ನುವುದಕ್ಕೆ ಅದು ಸಾಕ್ಷಿ. ಸೀಳಿದ ಫ್ಯೂಜು ಇರಬೇಕಾದದ್ದು ಇಂಥ ಕಡೆ. ಯಾರದೋ ವಿಸ್ಕಿ ಬಾಟಲಿಗಳ ಪಕ್ಕದಲ್ಲಿ ಅಲ್ಲ.

ನಮ್ಮವರಲ್ಲೂ ಯಾರಿಗಾದರೂ ವಿದೇಶದಿಂದ ಒಂದು ತರಿಸಿಕೊಳ್ಳೋಣ ಅನ್ನುವ ಆಸೆ ಇದ್ದರೆ ಕಿವಿಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಅನ್ನುವುದರ ವ್ಯಾಖ್ಯೆಯೊಳಗೇ ಫ್ಯೂಜು, ಅದರ ಜೊತೆ ಮದ್ದುಗುಂಡಿನ ಬಿಡಿಭಾಗಗಳೂ ಸೇರಿವೆ. ‘ಪೇಪರ್ ವೇಟ್ ಸಾರ್’ ಅಂದರೆ ಕಸ್ಟಮ್ಸಿನವರು ನಕ್ಕು ಬಿಡುವುದಿಲ್ಲ. ಊರ ಕಡೆ, ಗುಜರಿ ಅಂಗಡಿಯಲ್ಲಿ, ಗದ್ದೆಯಲ್ಲಿ, ಇಂಥದ್ದೇನಾದರೂ ಕಂಡರೆ ಮುಟ್ಟಬೇಡಿ, ಫೋಟೋಗೆ ಅಂತ ತಿರುಗಿಸಲೂ ಬೇಡಿ. ದೂರ ಸರಿದು ಪೊಲೀಸರಿಗೆ ಹೇಳಿ.

ಇಷ್ಟೆಲ್ಲ ಬರೆದದ್ದು ಒಂದು ಹವ್ಯಾಸವನ್ನು ಮಣ್ಣುಪಾಲು ಮಾಡಲಿ ಅಂತಲ್ಲ. ನಕ್ಷೆ ಓದಿ, ಅಕ್ಷರ ಬಿಡಿಸಿ, ಯಾವ ಕಾರ್ಖಾನೆಯ ಯಾವ ಮುದ್ರೆ ಅಂತ ಹುಡುಕಿ. ಆ ವಿದ್ಯೆ ಬೆಳೆಯಬೇಕು. ನಿಮ್ಮ ಹತ್ತಿರ ಈಗಾಗಲೇ ಸೀಳಿದ್ದು, ಕಾಗದಪತ್ರ ಇರುವುದು ಇದ್ದರೆ ಒಂದು ಮ್ಯೂಸಿಯಮ್ಮಿಗೆ ಕೊಡಿ. ಕೊಡುವಾಗ ಚೀಟಿಯ ಮೇಲೆ ಇನ್ನೆರಡು ಸಾಲು ಸೇರಿಸಿ ಅಂತ ಹಟ ಹಿಡಿಯಿರಿ. ಇದನ್ನು ಮಾಡಿದವರು ಯಾರು, ಇದು ಬಿದ್ದ ಊರಿನಲ್ಲಿ ಇವತ್ತಿಗೂ ಹೊಲ ಉಳಲು ಹೆದರುವವರು ಯಾರು ಅಂತ. ಕೊಳ್ಳುವವನು ಕೈ ಹಿಂದಕ್ಕೆ ತೆಗೆದುಕೊಂಡರೆ ಅಗೆಯುವವನ ಕೈಯೂ ಉಳಿಯುತ್ತದೆ.

ನೀವೇನಂತೀರಿ? ಒಪ್ಪದವರು ಧಾರಾಳವಾಗಿ ಬೈಯಿರಿ. ಆದರೆ ‘ಅದು ಇನರ್ಟ್ ಕಣ್ರೀ’ ಅಂತ ಮಾತ್ರ ಕಾಗದ ತೋರಿಸದೆ ಹೇಳಬೇಡಿ!